ಕೌಂಟ್ ಏರಿತು, ಗುಳಿಗೆ ನಿಂತಿತು: 17ಪಿ ಅಳಿವಿನ ರಕ್ತಕ್ಯಾನ್ಸರ್, ಒಂದು ಆಪ್ತಸಲಹೆ ಪ್ರಕರಣ

ಗುರುತು ಸಿಗದಂತೆ ವಯಸ್ಸು ಮತ್ತು ಕುಟುಂಬದ ವಿವರಗಳನ್ನು ಬದಲಿಸಲಾಗಿದೆ.

ಅರವತ್ತು ದಾಟಿದ ಹಿರಿಯರು, ಜೊತೆಗೆ ಮಗಳು. ಕಾಯಿಲೆ ಸಿಎಲ್‌ಎಲ್, ಅಂದರೆ ಬಿ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳು ನಿಧಾನವಾಗಿ ಹೆಚ್ಚುತ್ತಾ ಹೋಗುವ ರಕ್ತಕ್ಯಾನ್ಸರ್. ಎರಡು ವರ್ಷ ಔಷಧವಿಲ್ಲದೆ ಬರೀ ನಿಗಾದಲ್ಲಿದ್ದರು. ಹಿಮೋಗ್ಲೋಬಿನ್ 9.4ಕ್ಕೆ ಇಳಿದು, ರಾತ್ರಿ ಬಟ್ಟೆ ಒದ್ದೆಯಾಗುವಷ್ಟು ಬೆವರತೊಡಗಿ, ಕುತ್ತಿಗೆಯ ಗಂಟು 4 ಸೆಂ.ಮೀ. ಮುಟ್ಟಿದಾಗ ರಕ್ತರೋಗ ತಜ್ಞರು ಚಿಕಿತ್ಸೆ ಶುರುಮಾಡಲು ನಿರ್ಧರಿಸಿದರು. ಆಗ ಮಾಡಿಸಿದ, ವರ್ಣತಂತುಗಳ ದೋಷ ಹುಡುಕುವ ಫಿಶ್ ಪರೀಕ್ಷೆಯಲ್ಲಿ ನೂರಕ್ಕೆ 68 ಕೋಶಗಳಲ್ಲಿ 17ಪಿ ಅಳಿವು, ಅಂದರೆ 17ನೇ ವರ್ಣತಂತುವಿನ ಒಂದು ತುಂಡು ಕಳೆದಿರುವುದು, ಕಂಡಿತು. ಜೊತೆಗೆ ಟಿಪಿ53 ಎಂಬ ವಂಶವಾಹಿಯಲ್ಲಿ ಮ್ಯುಟೇಶನ್ (ಬದಲಾವಣೆ); ಐಜಿಎಚ್‌ವಿ ಎಂಬ ಇನ್ನೊಂದು ವಂಶವಾಹಿ ಮಾತ್ರ ಮ್ಯುಟೇಶನ್ ಆಗದ ಬಗೆ, ಸಿಎಲ್‌ಎಲ್‌ನಲ್ಲಿ ಅದೂ ಒಳ್ಳೆಯ ಗುರುತಲ್ಲ. ಕೊಟ್ಟ ಔಷಧ ಅಕಲಾಬ್ರುಟಿನಿಬ್, 100 ಮಿ.ಗ್ರಾಂ ಕ್ಯಾಪ್ಸೂಲ್, 12 ಗಂಟೆಗೊಂದು.

ಶುರುವಾದಾಗ ಲಿಂಫೋಸೈಟ್ ಎಣಿಕೆ 58,000 ಇತ್ತು. ಐದನೇ ವಾರ 1,04,000. ವರದಿಯನ್ನು ಫೋನಿನಲ್ಲೇ ನೋಡಿದ ಹಿರಿಯರು ಯಾರಿಗೂ ಹೇಳದೆ ಗುಳಿಗೆ ನಿಲ್ಲಿಸಿಬಿಟ್ಟರು. ಒಂಬತ್ತು ದಿನ ಕಳೆದ ಮೇಲೆ ಮಗಳು ಡಬ್ಬಿ ತೆಗೆದು ಎಣಿಸಿದಾಗ 18 ಕ್ಯಾಪ್ಸೂಲ್ ಹೆಚ್ಚಿಗೆ ಉಳಿದಿದ್ದವು. ಮನೆಯಲ್ಲಿ ಜಗಳವಾಯಿತು. ಆಮೇಲೆ ಇಬ್ಬರೂ ಆಪ್ತಸಲಹೆಗೆ ಬಂದರು.

ಮೊದಲು ಮಾಡಿದ ಕೆಲಸ ತಜ್ಞರಿಗೆ ಅಂದೇ ಫೋನ್ ಮಾಡಿ ತಿಳಿಸಿದ್ದು. ಬಿಟ್ಟ ಔಷಧವನ್ನು ಯಾವಾಗ, ಎಷ್ಟರಿಂದ ಮತ್ತೆ ಶುರುಮಾಡಬೇಕೆಂಬುದು ಸಲಹೆಗಾರರು ಹೇಳುವ ಮಾತಲ್ಲ. ರಕ್ತಪರೀಕ್ಷೆ ನೋಡಿದ ತಜ್ಞರು ಅದೇ ಪ್ರಮಾಣದಲ್ಲಿ ಮುಂದುವರಿಸಲು ಹೇಳಿದರು.

"ಯಾಕೆ ನಿಲ್ಲಿಸಿದಿರಿ" ಎಂದು ಕೇಳಿದರೆ ವಿಚಾರಣೆಯ ಧಾಟಿ ಬಂದುಬಿಡುತ್ತದೆ. "ಆ ವರದಿ ನೋಡಿದಾಗ ನಿಮಗೆ ಏನನ್ನಿಸಿತು, ಸರ್?" ಎಂದು ಕೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಮದ್ದು ತಗೊಂಡೇ ಇಮ್ಮಡಿ ಆಯ್ತಲ್ಲ ಮೇಡಂ, ಇನ್ನು ಯಾಕೆ ತಗೋಬೇಕು? ಕೀಮೋ ಆಗಿದ್ರೆ ಆರು ತಿಂಗಳಲ್ಲಿ ಮುಗೀತಿತ್ತು." ಹಠವೇನೂ ಅಲ್ಲ. ಕೈಯಲ್ಲಿದ್ದ ಒಂದೇ ಅಂಕಿಯಿಂದ ಯಾರೇ ಆದರೂ ಹೀಗೇ ಲೆಕ್ಕ ಹಾಕುತ್ತಾರೆ. ಔಷಧ ಕೊಡುವ ದಿನವೇ ಈ ಏರಿಕೆಯನ್ನು ಹೇಳಿರಬೇಕಿತ್ತು. ಹೇಳಿದ್ದರೂ ಇರಬಹುದು, ಕ್ಯಾನ್ಸರ್‌ಗೆ ಔಷಧ ಶುರು ಎಂಬ ಮಾತು ಕಿವಿಗೆ ಬಿದ್ದ ದಿನ ಉಳಿದದ್ದು ಕೇಳಿಸುವುದು ಕಮ್ಮಿ.

ವಿವರಣೆಯನ್ನು ಎರಡು ಭಾಗ ಮಾಡಿಕೊಂಡೆವು. ಎಣಿಕೆ ಏರಿದ್ದೇಕೆ ಎಂಬುದು ಮೊದಲು. ಸಿಎಲ್‌ಎಲ್ ಕೋಶಗಳು ರಕ್ತದಲ್ಲಿ ಕಾಣುವುದಕ್ಕಿಂತ ದುಗ್ಧಗ್ರಂಥಿ (ಕುತ್ತಿಗೆಯ ಗಂಟು ಇದೇ), ಮಜ್ಜೆ, ಗುಲ್ಮಗಳಲ್ಲಿ (ಸ್ಪ್ಲೀನ್) ಕೂತು ಬೆಳೆಯುವುದೇ ಹೆಚ್ಚು. ಅಲ್ಲಿ ಅವನ್ನು ಹಿಡಿದಿಟ್ಟು "ಬೆಳೆ, ಬದುಕು" ಎಂದು ಸೂಚನೆ ದಾಟಿಸುವ ಕಿಣ್ವ ಬಿಟಿಕೆ. ಅಕಲಾಬ್ರುಟಿನಿಬ್ ಆ ಕಿಣ್ವಕ್ಕೆ ಅಂಟಿಕೊಂಡು ಅದರ ಕೆಲಸ ನಿಲ್ಲಿಸುತ್ತದೆ. ಆಸರೆ ತಪ್ಪಿದ ಕೋಶಗಳು ಗ್ರಂಥಿ ಬಿಟ್ಟು ರಕ್ತಕ್ಕೆ ಬರುತ್ತವೆ. ಕಟ್ಟಡದಿಂದ ಎಲ್ಲರನ್ನೂ ಹೊರಗೆ ಕಳಿಸಿದಾಗ ಬೀದಿಯಲ್ಲಿ ಜನ ಹೆಚ್ಚಾದಂತೆ ಕಾಣುವುದಿಲ್ಲವೇ, ಹಾಗೆ. ರಕ್ತದಲ್ಲಿ ಅವಕ್ಕೆ ಪೋಷಣೆಯಿಲ್ಲ. ತಿಂಗಳುಗಟ್ಟಲೆ ಸಮಯ ಹಿಡಿದರೂ ಕರಗುತ್ತಾ ಹೋಗುತ್ತವೆ. ಕೆಲವರಲ್ಲಿ ಒಂದು ವರ್ಷ ದಾಟಿಯೂ ಎಣಿಕೆ ಮೇಲೇ ಇರುತ್ತದೆ. ಅದೊಂದರಿಂದಲೇ ಔಷಧ ಸೋತಿತು ಎನ್ನುವಂತಿಲ್ಲ.

"ಕುತ್ತಿಗೆ ಮುಟ್ಟಿ ನೋಡ್ಕೊಂಡಿದ್ದೀರಾ?" ಎಂದು ಕೇಳಿದಾಗ ಹಿರಿಯರ ಕೈ ತಾನಾಗಿ ಎಡಗಿವಿಯ ಕೆಳಗೆ ಹೋಯಿತು. ಬೆರಳಿಗೆ ಸಿಗುತ್ತಿದ್ದ ಗಂಟು ಮೊದಲಿನ ಅರ್ಧದಷ್ಟೂ ಇರಲಿಲ್ಲ. ಬೆವರು ನಿಂತು ಎಷ್ಟು ದಿನವಾಯಿತೆಂದು ಮಗಳೇ ನೆನಪಿಸಿಕೊಂಡು ಹೇಳಿದಳು. ಗಂಟು ಕುಗ್ಗುತ್ತಾ, ಹಿಮೋಗ್ಲೋಬಿನ್ ಏರುತ್ತಾ ಇದ್ದಾಗ ಲಿಂಫೋಸೈಟ್ ಏರಿದರೆ ಅದು ಔಷಧ ಕೆಲಸ ಮಾಡುತ್ತಿರುವ ಗುರುತು. ಗಂಟೂ ದೊಡ್ಡದಾಗಿ, ಹಿಮೋಗ್ಲೋಬಿನ್ ಇಳಿದು, ಕೋಶಗಳು ಹಾನಿಯಾದಾಗ ರಕ್ತದಲ್ಲಿ ಹೆಚ್ಚುವ ಎಲ್‌ಡಿಎಚ್ ಎಂಬ ಕಿಣ್ವ ಏರಿದರೆ ಮಾತು ಬೇರೆ. ಆಗ ತಡಮಾಡಬಾರದು; ಕಾಯಿಲೆ ಉಗ್ರ ರೂಪಕ್ಕೆ ತಿರುಗಿದೆಯೇ ಎಂದೂ ತಜ್ಞರು ನೋಡಬೇಕಾಗುತ್ತದೆ.

ಎರಡನೆಯದು ಕೀಮೋ ಮಾತು. ಕೀಮೋ ಔಷಧಗಳು ಕೋಶದ ಡಿಎನ್‌ಎಗೆ ಪೆಟ್ಟು ಕೊಡುತ್ತವೆ. ಆ ಪೆಟ್ಟನ್ನು ಗುರುತಿಸಿ ಕೋಶ ತಾನೇ ಸಾಯುವಂತೆ ಮಾಡುವುದು ಪಿ53 ಎಂಬ ಪ್ರೋಟೀನ್. ಅದರ ವಂಶವಾಹಿ ಟಿಪಿ53 ಇರುವುದು 17ನೇ ವರ್ಣತಂತುವಿನ ಗಿಡ್ಡ ತೋಳಿನಲ್ಲಿ, ಅಂದರೆ ಇವರ ಕೋಶಗಳಲ್ಲಿ ಕಳೆದುಹೋಗಿರುವ ಅದೇ ಜಾಗದಲ್ಲಿ. ಉಳಿದ ಇನ್ನೊಂದು ಪ್ರತಿಯೂ ಕೆಟ್ಟಿದೆ. ಪೆಟ್ಟು ಬಿದ್ದರೂ ಕೋಶ ಸಾಯುವುದಿಲ್ಲ. ಕೀಮೋ ಕೊಟ್ಟರೆ ಬಗ್ಗುವ ಕೋಶಗಳು ಸತ್ತು, ಬಗ್ಗದವು ಉಳಿದು ಹೆಚ್ಚುತ್ತವೆ. ಬಿಟಿಕೆ ತಡೆಗೆ ಪಿ53 ಬೇಕಿಲ್ಲ. ಬಿಟಿಕೆ ತಡೆಯುವ ಮೊದಲ ಔಷಧ ಇಬ್ರುಟಿನಿಬ್ 2014ರಲ್ಲಿ ಅಮೆರಿಕದಲ್ಲಿ ಸಿಎಲ್‌ಎಲ್‌ಗೆ ಒಪ್ಪಿಗೆ ಪಡೆಯುವವರೆಗೆ ಈ ಗುಂಪಿನವರ ದಾರಿ ಬಹಳ ಕಿರಿದಾಗಿತ್ತು. ಸಿಎಲ್‌ಎಲ್‌ಗೆ ಅಕಲಾಬ್ರುಟಿನಿಬ್ ಬಂದದ್ದು 2019ರಲ್ಲಿ. ಹೃದಯಬಡಿತದ ತೊಂದರೆ ಇಬ್ರುಟಿನಿಬ್‌ಗಿಂತ ಇದರಲ್ಲಿ ಕಮ್ಮಿ. "ಆರು ತಿಂಗಳಲ್ಲಿ ಮುಗಿಯುವ" ಚಿಕಿತ್ಸೆಯನ್ನು ಯಾರೂ ಇವರಿಂದ ಬಚ್ಚಿಟ್ಟಿರಲಿಲ್ಲ, ಅದು ಇವರಿಗೆ ಒಗ್ಗುವಂಥದ್ದಲ್ಲ, ಅಷ್ಟೆ.

ಇಷ್ಟಾದ ಮೇಲೆ ಹಿರಿಯರು ಮೆಲ್ಲಗೆ ಇನ್ನೊಂದು ಹೊರಗೆ ಹಾಕಿದರು. ಮೊದಲ ಮೂರು ವಾರ ತಲೆನೋವು ವಿಪರೀತವಿತ್ತು, ಹೇಳಿದರೆ ಔಷಧ ಬದಲಿಸುತ್ತಾರೆಂದು ಹೇಳಿರಲಿಲ್ಲ. ಈ ಔಷಧದಲ್ಲಿ ತಲೆನೋವು ಬಹಳ ಸಾಮಾನ್ಯ. ಪ್ಯಾರಾಸಿಟಮಾಲ್‌ಗೆ, ಒಂದು ಲೋಟ ಕಾಫಿಗೆ ಬಗ್ಗುತ್ತದೆ, ವಾರಗಳು ಕಳೆದಂತೆ ತಾನೇ ಇಳಿಯುತ್ತದೆ. ಆಸ್ಪಿರಿನ್, ಐಬುಪ್ರೊಫೆನ್ ಮಾತ್ರ ಬೇಡ, ಏಕೆಂದರೆ ಬಿಟಿಕೆ ತಡೆಯುವ ಔಷಧಗಳು ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳ ಕೆಲಸವನ್ನೂ ಮಂಕು ಮಾಡುತ್ತವೆ. ಮೀನೆಣ್ಣೆ, ವಿಟಮಿನ್ ಇ ಗುಳಿಗೆಗಳನ್ನೂ ಕೇಳದೆ ತೆಗೆದುಕೊಳ್ಳಬಾರದು.

ಚೀಲದಲ್ಲಿದ್ದ ಔಷಧಗಳನ್ನೆಲ್ಲ ಮೇಜಿನ ಮೇಲೆ ಇಡಿಸಿದಾಗ ಸಿಕ್ಕಿದ್ದು ಓಮೆಪ್ರಜೋಲ್. ಹೊಟ್ಟೆ ಉರಿಗೆ ತಾವೇ ಕೊಂಡು ದಿನಾ ನುಂಗುತ್ತಿದ್ದರು. ಅಕಲಾಬ್ರುಟಿನಿಬ್ ಕ್ಯಾಪ್ಸೂಲ್ ಕರಗಲು ಹೊಟ್ಟೆಯ ಆಮ್ಲ ಬೇಕು; ಓಮೆಪ್ರಜೋಲ್ ಆ ಆಮ್ಲವನ್ನೇ ದಿನವಿಡೀ ಅಡಗಿಸುತ್ತದೆ, ಔಷಧ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. 2022ರಲ್ಲಿ ಬಂದ ಮಾತ್ರೆಯ ರೂಪಕ್ಕೆ ಈ ತೊಡಕಿಲ್ಲ. ತಜ್ಞರು ಓಮೆಪ್ರಜೋಲ್ ನಿಲ್ಲಿಸಿ, ಬೇಕೆನಿಸಿದಾಗ ಮಾತ್ರ ಆಂಟಾಸಿಡ್, ಅದೂ ಕ್ಯಾಪ್ಸೂಲ್‌ಗೆ ಎರಡು ಗಂಟೆ ಅಂತರವಿಟ್ಟು ಎಂದರು. ನಮ್ಮ ಅನುಭವದಲ್ಲಿ ಇಂಥ ಔಷಧಗಳ ಕೆಲಸ ಕೆಡುವುದು ದೊಡ್ಡ ಕಾರಣಗಳಿಗಿಂತ ಇಂಥ ಪುಟ್ಟ ಗುಳಿಗೆಗಳಿಂದಲೇ ಹೆಚ್ಚು. ಆಂಟಿಬಯೋಟಿಕ್ ಆದ ಕ್ಲಾರಿಥ್ರೊಮೈಸಿನ್, ಶಿಲೀಂಧ್ರ ಸೋಂಕಿಗೆ ಕೊಡುವ ಇಟ್ರಾಕೊನಜೋಲ್ ಈ ಔಷಧದ ಮಟ್ಟವನ್ನು ರಕ್ತದಲ್ಲಿ ಏರಿಸುತ್ತವೆ, ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಮೂರ್ಛೆರೋಗಕ್ಕೆ ಕೊಡುವ ಫೆನಿಟೋಯಿನ್ ಇಳಿಸುತ್ತವೆ. ಹಾಗಾಗಿ ಯಾವ ಡಾಕ್ಟರ ಬಳಿ ಹೋದರೂ ಮೊದಲು ಈ ಔಷಧದ ಹೆಸರು ಹೇಳಬೇಕು.

ಹೊತ್ತು ತಪ್ಪಿದರೆ? ಮೂರು ಗಂಟೆಯೊಳಗೆ ನೆನಪಾದರೆ ತೆಗೆದುಕೊಳ್ಳಬಹುದು, ಮೀರಿದರೆ ಬಿಟ್ಟು ಮುಂದಿನದನ್ನು ಅದರ ಹೊತ್ತಿಗೇ ನುಂಗಬೇಕು. ಎರಡನ್ನು ಒಟ್ಟಿಗೆ ಎಂದೂ ಬೇಡ. 38 ಡಿಗ್ರಿ ಸೆಲ್ಸಿಯಸ್ ದಾಟಿದ ಜ್ವರ, ಕಪ್ಪು ಮಲ, ನಿಲ್ಲದ ರಕ್ತಸ್ರಾವ, ಎದೆ ಡವಗುಟ್ಟುವುದು, ಉಸಿರು ಕಟ್ಟುವುದು, ಇವು ಕಂಡರೆ ಬೆಳಗಾಗಲಿ ಎಂದು ಕಾಯುವಂತಿಲ್ಲ. ಹಲ್ಲು ಕೀಳಿಸುವುದು ಬಾಕಿ ಇತ್ತು. ಶಸ್ತ್ರಚಿಕಿತ್ಸೆಯ ಹಿಂದೆ ಮುಂದೆ ಮೂರರಿಂದ ಏಳು ದಿನ ಔಷಧ ನಿಲ್ಲಿಸುವುದುಂಟು, ಆದರೆ ಎಷ್ಟು ದಿನ ಎಂಬುದು ತಜ್ಞರ ಲೆಕ್ಕ. ಔಷಧ ನಿಂತ ಕೆಲವೇ ದಿನಗಳಲ್ಲಿ ಗಂಟು, ಜ್ವರ, ಬೆವರು ಮರಳುವವರೂ ಇದ್ದಾರೆ.

ಮಗಳ ಪ್ರಶ್ನೆಗೆ ಬೇರೆಯಾಗಿ ಸಮಯ ಕೊಟ್ಟೆವು. "ಅಪ್ಪನ ಜೀನ್ಸ್‌ನಲ್ಲೇ ಇದೆ ಅಂದ್ರಲ್ಲ, ನಾನೂ ಟೆಸ್ಟ್ ಮಾಡಿಸ್ಬೇಕಾ?" 17ಪಿ ಅಳಿವು ಅಪ್ಪನಿಗೆ ಹುಟ್ಟಿನಿಂದ ಬಂದದ್ದಲ್ಲ, ಕ್ಯಾನ್ಸರ್ ಕೋಶಗಳಲ್ಲಿ ಆಮೇಲೆ ಆದ ಹಾನಿ. ಮಕ್ಕಳಿಗೆ ದಾಟುವುದಿಲ್ಲ. ಸಿಎಲ್‌ಎಲ್ ಇರುವವರ ಒಡಹುಟ್ಟಿದವರಿಗೆ, ಮಕ್ಕಳಿಗೆ ಆ ಕಾಯಿಲೆ ಬರುವ ಸಂಭವ ಇತರರಿಗಿಂತ ಹೆಚ್ಚು ಎಂಬುದು ನಿಜ, ಆದರೂ ಒಟ್ಟಾರೆ ಸಂಭವ ಕಮ್ಮಿಯೇ. ಲಕ್ಷಣಗಳಿಲ್ಲದ ಮಕ್ಕಳಿಗೆ ಪರೀಕ್ಷೆ ಮಾಡಿಸುವ ರೂಢಿಯಿಲ್ಲ.

"ಇದೂ ಕೈಕೊಟ್ರೆ?" ಎಂದರು ಹಿರಿಯರು. ಕೈಕೊಡುವುದುಂಟು: ಔಷಧ ಅಂಟುವ ಜಾಗದಲ್ಲೇ ಬಿಟಿಕೆ ಬದಲಾಗಿ ಹಿಡಿತ ತಪ್ಪುತ್ತದೆ. ಆಗ ಬೇರೆ ದಾರಿಯಲ್ಲಿ ಕೆಲಸ ಮಾಡುವ ವೆನೆಟೊಕ್ಲಾಕ್ಸ್ ಎಂಬ ಗುಳಿಗೆ ಇದೆ. ಅದು ಕೋಶಗಳನ್ನು ಬೇಗ ಕೊಲ್ಲುವುದರಿಂದ, ಒಡೆದ ಕೋಶಗಳ ಪೊಟ್ಯಾಶಿಯಂ, ಯೂರಿಕ್ ಆಮ್ಲ ಮೂತ್ರಪಿಂಡಕ್ಕೂ ಹೃದಯಕ್ಕೂ ಅಪಾಯ ತರದಂತೆ 20, 50, 100, 200, 400 ಮಿ.ಗ್ರಾಂ ಎಂದು ವಾರವಾರ ಏರಿಸುತ್ತಾರೆ. ಎರಡು ದಿನ ಮೊದಲಿನಿಂದ ದಿನಕ್ಕೆ ಒಂದೂವರೆ ಎರಡು ಲೀಟರ್ ನೀರು, ಅಲೋಪ್ಯುರಿನಾಲ್, ಹೊತ್ತುಹೊತ್ತಿಗೆ ರಕ್ತಪರೀಕ್ಷೆ. ಅದರಾಚೆಗೆ, ಬಿಟಿಕೆಯನ್ನೇ ಬೇರೆ ರೀತಿಯಲ್ಲಿ ಹಿಡಿಯುವ ಪಿರ್ಟೊಬ್ರುಟಿನಿಬ್ ಕೂಡ ಇದೆ.

ಡಬ್ಬಿ ಎಣಿಸುವ ಕೆಲಸ ಬಿಡುವಂತೆ ಮಗಳಿಗೆ ಹೇಳಿದೆವು. ಬದಲಿಗೆ ಒಂದು ಪುಸ್ತಕ: ಗುಳಿಗೆಯ ಹೊತ್ತು, ಬೆವರು, ವಾರಕ್ಕೊಮ್ಮೆ ತೂಕ, ಎದುರಿಗೆ ಹಿಮೋಗ್ಲೋಬಿನ್ ಮತ್ತು ಲಿಂಫೋಸೈಟ್. ಬರೆಯುವುದು ಅಪ್ಪ, ತಜ್ಞರಿಗೆ ತೋರಿಸುವುದು ಮಗಳು. ಮೂರು ತಿಂಗಳ ಮೇಲೆ ಲಿಂಫೋಸೈಟ್ 81,000, ಹಿಮೋಗ್ಲೋಬಿನ್ 11.6. ವರದಿ ಬಂದ ದಿನ ಈಗಲೂ ಹಿರಿಯರಿಗೆ ನಿದ್ದೆ ಬರುವುದಿಲ್ಲ. ಮುಂದಿನ ಭೇಟಿಗಳನ್ನು ಅದಕ್ಕೇ ಮೀಸಲಿಟ್ಟಿದ್ದೇವೆ.