ಸಣ್ಣ ಸರ್ಕಾರ ಬೇಕು ಅನ್ನುವವರು ಪಾಲಿಕೆಗೆ ಅಧಿಕಾರ ಕೇಳೋದೇಕೆ?

ನಮಸ್ಕಾರ. ಸರ್ಕಾರ ಸಣ್ಣದಿರಲಿ ಅನ್ನುವವರೇ ಪಾಲಿಕೆ, ಪಂಚಾಯಿತಿಗೆ ಜಾಸ್ತಿ ಅಧಿಕಾರ ಕೇಳುತ್ತೀರಿ, ಇದು ವಿಚಿತ್ರ ಅಲ್ವಾ ಅಂದಿದ್ದೀರಿ. ನಾವು ಹೊಸ ಅಧಿಕಾರ ಹುಟ್ಟಿಸಿ ಅನ್ನುತ್ತಿಲ್ಲ. ಈಗಾಗಲೇ ವಿಧಾನಸೌಧ, ದೆಹಲಿಯಲ್ಲಿ ಇರುವುದನ್ನು ಕೆಳಗಿಳಿಸಿ ಅನ್ನುತ್ತಿದ್ದೇವೆ. ಕಾರ್ಪೊರೇಟರ್ ಮನೆ ಮುಂದೆ ಹೋಗಿ ಜಗಳ ಆಡಬಹುದು. ದೆಹಲಿಗೆ ಯಾರು ಹೋಗ್ತಾರೆ?

ಆ ಜಗಳ ಆಡೋಕೂ ಆರಿಸಿ ಬಂದ ಕಾರ್ಪೊರೇಟರ್ ಇರಬೇಕಲ್ಲ. ಬೆಂಗಳೂರಿನ ಪಾಲಿಕೆಯಾಗಿದ್ದ ಬಿಬಿಎಂಪಿಗೆ 2015ರಲ್ಲಿ ಚುನಾವಣೆ ಆಯಿತು, 2020ರ ಸೆಪ್ಟೆಂಬರ್‌ಗೆ ಅವಧಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಅಧಿಕಾರಿಗಳದ್ದೇ ಆಡಳಿತ. ಪಾಲಿಕೆಗಳಿಗೆ ಐದು ವರ್ಷಕ್ಕೊಮ್ಮೆ ಚುನಾವಣೆ ಆಗಬೇಕು ಅನ್ನುವ 1992ರ ಸಂವಿಧಾನದ 74ನೇ ತಿದ್ದುಪಡಿ ಇದ್ದೂ ಹೀಗೆ.

ಆದರೆ ಸ್ಥಳೀಯ ಅಂದ ಮಾತ್ರಕ್ಕೆ ಒಳ್ಳೆಯದು ಅಂತಲ್ಲ, ಇಲ್ಲಿ ನಿಮ್ಮ ಅನುಮಾನ ಸರಿ. ಸೊಪ್ಪಿನ ತಳ್ಳುಗಾಡಿಯನ್ನು ಎತ್ತಿಕೊಂಡು ಹೋಗೋದು ಪಾಲಿಕೆಯ ಗಾಡಿಯೇ. ಅಂಥವರಿಗೆ ರಕ್ಷಣೆ ಕೊಟ್ಟದ್ದು ಸಂಸತ್ತಿನ 2014ರ ಬೀದಿ ವ್ಯಾಪಾರಿಗಳ ಕಾಯ್ದೆ. ಹಾಗಾಗಿ ನನ್ನ ಲೆಕ್ಕ ಇಷ್ಟು: ಚರಂಡಿ, ಕಸ, ರಸ್ತೆ ಊರಿನವರ ಕೈಯಲ್ಲಿರಲಿ, ದುಡಿದು ತಿನ್ನುವ ಹಕ್ಕನ್ನು ಮಾತ್ರ ಯಾವ ಮಟ್ಟದವರೂ ಮುಟ್ಟಬಾರದು.

ಈ ಸಣ್ಣ ಸರ್ಕಾರದ ವಿಚಾರವೇನು ಅಮೆರಿಕದಿಂದ ತಂದ ಸರಕಲ್ಲ. ಸ್ವಾತಂತ್ರ್ಯ ಹೋರಾಟಗಾರ ರಾಜಾಜಿ (ಸಿ. ರಾಜಗೋಪಾಲಾಚಾರಿ) 1959ರಲ್ಲಿ ಸ್ವತಂತ್ರ ಪಕ್ಷ ಕಟ್ಟಿ ‘ಪರ್ಮಿಟ್-ಲೈಸೆನ್ಸ್ ರಾಜ್’, ಅಂದರೆ ಉದ್ಯಮ-ವ್ಯಾಪಾರಕ್ಕೆಲ್ಲ ಸರ್ಕಾರದ ಅನುಮತಿ ಬೇಕು ಅನ್ನುವ ವ್ಯವಸ್ಥೆಯ ವಿರುದ್ಧ ನಿಂತರು. 1967ರಲ್ಲಿ ಲೋಕಸಭೆಯಲ್ಲಿ 44 ಸೀಟು ಬಂತು. ಅವರ ಜೊತೆ ಮಾಜಿ ರಾಜರು, ಜಮೀನ್ದಾರರೂ ಇದ್ದರು ಅನ್ನೋದು ನನಗೂ ಸ್ವಲ್ಪ ಮುಜುಗರದ ವಿಷಯವೇ.