ಗೇಟಿನಾಚೆಯ ರಸ್ತೆ ಯಾರದು?

ಮಾನ್ಯ ಟೀಚರ್ ಅವರಿಗೆ,

ಕೊಡಗಿನ ಸಿದ್ದಾಪುರದ ಕಡೆಯಿಂದ ನೀವು ಬರೆದ ನಾಲ್ಕು ಪುಟಗಳ ಪತ್ರ ತಲುಪಿತು. ಹೆಸರು ಪ್ರಕಟಿಸಬಾರದೆಂದು ಕೇಳಿಕೊಂಡಿರುವುದರಿಂದ ಪತ್ರವನ್ನು ಹಾಗೆಯೇ ಅಚ್ಚು ಹಾಕದೆ, ಇತರ ಓದುಗರಿಗೆ ವಿಷಯ ತಿಳಿಯುವಷ್ಟನ್ನು ಇಲ್ಲಿ ಹೇಳಿಬಿಡುತ್ತೇನೆ. ಒಂಬತ್ತು ವರ್ಷದ ನಿಮ್ಮ ಪಮೇರಿಯನ್ ನಾಯಿಯನ್ನು ಹಗ್ಗ ಹಿಡಿದು ಸಂಜೆ ತಿರುಗಾಡಿಸುತ್ತಿದ್ದಾಗ, ಎರಡು ತೋಟಗಳ ನಡುವೆ ಹಾದುಹೋಗುವ ಪಂಚಾಯತಿ ರಸ್ತೆಯಲ್ಲಿ, ತೆರೆದೇ ಇದ್ದ ಗೇಟಿನಿಂದ ಒಂದು ನಾಟಿ ನಾಯಿ ಮತ್ತು ಅದರ ಹಿಂದೆಯೇ ಒಂದು ರಾಟ್‌ವೀಲರ್ ನುಗ್ಗಿ ಬಂದು ನಿಮ್ಮ ನಾಯಿಯ ಬೆನ್ನು ಕಚ್ಚಿ ಒದರಿದವು. ನೀವು ಅದನ್ನು ಎತ್ತಿಕೊಳ್ಳಹೋದಾಗ ನಿಮ್ಮ ಬಲಗೈಗೂ ಹಲ್ಲು ನಾಟಿತು. ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವ ರೈಟರ್ ಓಡಿಬಂದು ಹೆಸರು ಹಿಡಿದು ಕೂಗಿದರೂ ನಾಯಿಗಳು ಕಿವಿಗೊಡಲಿಲ್ಲ. ಮರುದಿನ ವಿಚಾರಿಸಲು ಹೋದ ನಿಮಗೆ ಮಾಲೀಕರು, “ನಮ್ಮ ನಾಯಿಗಳು ಯಾರಿಗೂ ಏನೂ ಮಾಡುವುದಿಲ್ಲ, ಈ ದಾರಿಯಲ್ಲಿ ನಾಯಿ ಹಿಡಿದುಕೊಂಡು ನೀವು ಬರುವುದಾದರೂ ಏಕೆ?” ಎಂದು ಮರುಪ್ರಶ್ನೆ ಹಾಕಿದರು. ಇದಕ್ಕೆ ಕಾನೂನಿಲ್ಲವೇ, ಇಂಥ ತಳಿಗಳನ್ನು ನಿಷೇಧಿಸಬಾರದೇ, ಇನ್ನು ಮುಂದೆ ಕೈಯಲ್ಲಿ ದೊಣ್ಣೆ ಹಿಡಿದೇ ನಡೆಯಬೇಕೇ ಎಂಬುದು ನಿಮ್ಮ ಮೂರು ಪ್ರಶ್ನೆಗಳು.

ಅವುಗಳಿಗೆ ಬರುವ ಮೊದಲು, ನೀವು ಕೇಳದೇ ಇರುವ ಒಂದು ವಿಷಯ. ಗಾಯ ಚಿಕ್ಕದು, ಡೆಟಾಲ್ ಹಾಕಿ ತೊಳೆದೆ ಎಂದು ಬರೆದಿದ್ದೀರಿ; ಚುಚ್ಚುಮದ್ದಿನ ಮಾತು ಪತ್ರದಲ್ಲಿ ಎಲ್ಲಿಯೂ ಇಲ್ಲ. ಹಲ್ಲು ಚರ್ಮವನ್ನು ದಾಟಿ ರಕ್ತ ಬಂದಿದ್ದರೆ ರೇಬಿಸ್ ಲಸಿಕೆಯ ಜೊತೆಗೆ ಗಾಯದ ಸುತ್ತ ಇಮ್ಯುನೊಗ್ಲೋಬ್ಯುಲಿನ್ ಎಂಬ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು ಕೂಡ ಬೇಕಾಗುತ್ತದೆ. ಚರ್ಮದೊಳಗೆ ಕೊಡುವ ಲಸಿಕೆಯಾದರೆ ಮೊದಲ ದಿನ, ಅಲ್ಲಿಂದ 3, 7 ಮತ್ತು 28ನೆಯ ದಿನ ಹಾಕಿಸಿಕೊಳ್ಳಬೇಕು. ದಿನ ಕಳೆದಿದ್ದರೂ ಸರಿ, ಈ ಸಂಚಿಕೆ ಕೈಸೇರಿದ ದಿನವೇ ಆಸ್ಪತ್ರೆಗೆ ಹೋಗಿ. ತೋಟದ ನಾಯಿಗೆ ವರ್ಷ ವರ್ಷ ಲಸಿಕೆಯಾಗಿದೆ ಎಂಬ ಬಾಯಿಮಾತನ್ನು ನಂಬಿ ಕೂರಬೇಡಿ. ನಿಮ್ಮ ನಾಯಿಗೆ ಹಿಂದೆ ಲಸಿಕೆ ಹಾಕಿಸಿದ್ದರೂ ಕಚ್ಚಿಸಿಕೊಂಡ ಮೇಲೆ ಮತ್ತೆ ಹಾಕಿಸಬೇಕು. ಅದರ ಬೆನ್ನ ಮೇಲೆ ನಾಲ್ಕೇ ತೂತು ಎಂದಿದ್ದೀರಿ. ನಾಯಿಯ ಚರ್ಮ ಸಡಿಲವಾದುದರಿಂದ ಕಚ್ಚಿ ಒದರಿದಾಗ ಹೊರಗೆ ಕಾಣುವುದು ತೂತು ಮಾತ್ರ, ಒಳಗೆ ಮಾಂಸ ಹರಿದು ಚರ್ಮದಿಂದ ಬಿಟ್ಟುಕೊಂಡಿರುತ್ತದೆ. ಅರಿಶಿನ ಮೆತ್ತಿ ತೂತನ್ನು ಮುಚ್ಚಿದರೆ ಕೀವು ಒಳಗೇ ಉಳಿಯುತ್ತದೆ. ಪಶುವೈದ್ಯರು ಕೂದಲು ಕತ್ತರಿಸಿ ಗಾಯವನ್ನು ಒಳಗಿನವರೆಗೆ ತೊಳೆಯಬೇಕು.

ಇನ್ನು ಕಾನೂನು. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮಿನ ಪ್ರಕಾರ, ತನ್ನ ವಶದಲ್ಲಿರುವ ಪ್ರಾಣಿಯಿಂದ ಮನುಷ್ಯರ ಜೀವಕ್ಕೆ ಅಪಾಯ ಅಥವಾ ತೀವ್ರ ಗಾಯ ಆಗದಂತೆ ಸಾಕಷ್ಟು ಎಚ್ಚರಿಕೆ ವಹಿಸದವರಿಗೆ ಆರು ತಿಂಗಳವರೆಗಿನ ಸೆರೆವಾಸ, ಇಲ್ಲವೇ 5,000 ರೂಪಾಯಿಯವರೆಗಿನ ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದು. ಹಳೆಯ ದಂಡ ಸಂಹಿತೆಯ 289ನೆಯ ಕಲಮಿನಲ್ಲಿ ಈ ದಂಡ ಒಂದು ಸಾವಿರವಿತ್ತು. ಈ ಕಲಮು ಹೇಳುತ್ತಿರುವುದು ಮನುಷ್ಯರ ಮಾತನ್ನು ಎಂಬುದನ್ನು ಗಮನಿಸಿ. ನಾಯಿಯನ್ನು ನಾಯಿ ಕಚ್ಚಿದರೆ ಅದರಲ್ಲಿ ನೇರವಾದ ಉತ್ತರವಿಲ್ಲ. ನಿಮ್ಮ ಕೈಗಾದ ಗಾಯವೇ ಪೊಲೀಸು ಠಾಣೆಯಲ್ಲಿ ನಿಮ್ಮ ದೂರಿಗೆ ಆಧಾರವಾಗಬೇಕಾಗಿ ಬಂದಿರುವುದು ವಿಚಿತ್ರವಾದರೂ ನಿಜ.

ನಾಯಿಯ ಚಿಕಿತ್ಸೆಯ ವೆಚ್ಚಕ್ಕೆ ಸಿವಿಲ್ ಪರಿಹಾರದ ದಾರಿಯಿದೆ. ಕಾನೂನಿನ ಕಣ್ಣಿನಲ್ಲಿ ನಿಮ್ಮ ನಾಯಿ ನಿಮ್ಮ ಆಸ್ತಿ; ಒಂಬತ್ತು ವರ್ಷ ಜೊತೆಗೆ ಬಾಳಿದ ಜೀವವನ್ನು ಹಾಗೆ ಕರೆಯಲು ನಾಲಗೆ ಹೊರಳುವುದಿಲ್ಲ, ಆದರೆ ಇಲ್ಲಿ ಆ ಪದವೇ ಉಪಯೋಗಕ್ಕೆ ಬರುತ್ತದೆ. ಇಂಥ ದಾವೆಗಳಲ್ಲಿ ತೂಗಿ ನೋಡುವ ಮುಖ್ಯ ಸಂಗತಿ, ತನ್ನ ನಾಯಿಗೆ ಮೇಲೆ ಬೀಳುವ ಸ್ವಭಾವವಿದೆ ಎಂಬುದು ಮಾಲೀಕರಿಗೆ ಮೊದಲೇ ತಿಳಿದಿತ್ತೇ ಎಂಬುದು. ಆದ್ದರಿಂದ ನಡೆದುದನ್ನು ದಿನಾಂಕ, ಸಮಯ, ಸ್ಥಳ, ಗಾಯದ ಚಿತ್ರ, ವೈದ್ಯರ ಚೀಟಿ ಸಹಿತ ಬರೆದು ಮಾಲೀಕರಿಗೆ ರಿಜಿಸ್ಟ್ರೇಶನ್ ಸಹಿತ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ, ಒಂದು ಪ್ರತಿಯನ್ನು ಗ್ರಾಮ ಪಂಚಾಯಿತಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಇವತ್ತು “ನಮ್ಮ ನಾಯಿ ಏನೂ ಮಾಡುವುದಿಲ್ಲ” ಎಂದವರು ಆ ಕಾಗದಕ್ಕೆ ಸಹಿ ಹಾಕಿ ಪಡೆದ ಮೇಲೆ ಇನ್ನೊಮ್ಮೆ ಹಾಗೆ ಹೇಳಲಾರರು. ಸಿಟ್ಟಿನಲ್ಲಿ ಯಾರಾದರೂ ಬೇಲಿಯ ಬಳಿ ವಿಷದ ಮಾಂಸ ಇಡುವ ಸಲಹೆ ಕೊಟ್ಟರೆ ಅದನ್ನು ಅಲ್ಲಿಯೇ ತಡೆಯಿರಿ. ಪ್ರಾಣಿಗೆ ವಿಷವಿಕ್ಕಿ ಕೊಲ್ಲುವುದಕ್ಕೆ ಅದೇ ನ್ಯಾಯ ಸಂಹಿತೆಯ 325ನೆಯ ಕಲಮಿನಲ್ಲಿ ಐದು ವರ್ಷದವರೆಗೆ ಶಿಕ್ಷೆಯಿದೆ, ಮತ್ತು ವಿಷ ತಿನ್ನುವುದು ಕಚ್ಚಿದ ನಾಯಿಯೇ ಆಗಿರಬೇಕೆಂದಿಲ್ಲ.

ತಳಿ ನಿಷೇಧದ ವಿಷಯದಲ್ಲಿ ನಾನು ನಿಮ್ಮೊಂದಿಗಿಲ್ಲ. ಕೇಂದ್ರ ಸರ್ಕಾರ 2024ರ ಮಾರ್ಚ್ 12ರಂದು ರಾಟ್‌ವೀಲರ್, ಪಿಟ್‌ಬುಲ್ ಸೇರಿದಂತೆ 23 ತಳಿಗಳ ಮೇಲೆ ನಿರ್ಬಂಧ ಹೇರುವ ಸುತ್ತೋಲೆ ಹೊರಡಿಸಿತ್ತು. ಸಂಬಂಧಪಟ್ಟವರ ಅಭಿಪ್ರಾಯ ಕೇಳದೆ ಹೊರಡಿಸಿದ್ದೆಂಬ ಕಾರಣಕ್ಕೆ ನಮ್ಮ ಹೈಕೋರ್ಟ್ ಏಪ್ರಿಲ್ 10ರಂದು ಅದನ್ನು ರದ್ದುಪಡಿಸಿತು. ಅದು ಹಾಗಿರಲಿ, ಮೊದಲು ಹಾರಿದ್ದು ನಾಟಿ ನಾಯಿ, ರಾಟ್‌ವೀಲರ್ ಅದನ್ನು ಹಿಂಬಾಲಿಸಿತು ಎಂದು ನೀವೇ ಬರೆದಿದ್ದೀರಲ್ಲ. ದೊಡ್ಡ ದವಡೆಯ ನಾಯಿ ಕಚ್ಚಿದರೆ ಗಾಯ ದೊಡ್ಡದಾಗುತ್ತದೆ ನಿಜ, ಆದರೆ ಎರಡೂ ಹೊರಬಂದದ್ದು ಒಂದೇ ತೆರೆದ ಗೇಟಿನಿಂದ.

ನಮ್ಮ ಜಿಲ್ಲೆಯ ನಿಜವಾದ ತೊಡಕು ಇರುವುದು ಆ ಗೇಟಿನಲ್ಲಿ. ಪಟ್ಟಣದ ನಾಯಿಗೆ ಕಾಂಪೌಂಡು ಗೋಡೆ ಮುಗಿದಲ್ಲಿ ತನ್ನ ಸೀಮೆ ಮುಗಿಯುತ್ತದೆ. ಕಾಫಿ ತೋಟದ ನಾಯಿಗೆ ಮನೆ, ಕಣ, ಕೆಲಸಗಾರರ ಲೈನ್ ಮನೆ, ಕೆರೆ, ಅದರಾಚೆಯ ಗದ್ದೆ ಎಲ್ಲವೂ ಒಂದೇ. ನಡುವೆ ಡಾಂಬರು ರಸ್ತೆ ಹಾದುಹೋದರೂ ಅದು ಬೇರೆಯವರದು ಎಂದು ಅದಕ್ಕೆ ತಿಳಿಯಲು ಕಾರಣವೇ ಇಲ್ಲ. ತಿಳಿದಿರಬೇಕಾದವರು ಮಾಲೀಕರು. ತೋಟ ಎರಡು ಬದಿಗೂ ತಮ್ಮದೇ ಆದಾಗ ನಡುವಿನ ಪಂಚಾಯತಿ ರಸ್ತೆಯನ್ನೂ ತಮ್ಮದೆಂದೇ ಭಾವಿಸುವ ರೂಢಿ ನಮ್ಮಲ್ಲಿ ಅನೇಕರಿಗಿದೆ, ನಾಯಿ ಅದನ್ನೇ ಕಲಿಯುತ್ತದೆ. ಕೊಯ್ಲಿನ ಕಾಲದಲ್ಲಿ ಕಣದಲ್ಲಿ ಹರಡಿದ ಕಾಫಿಗೆ ಕಳ್ಳರ ಭಯ, ಅದಕ್ಕಾಗಿ ರಾತ್ರಿ ನಾಯಿ ಬಿಡುತ್ತಾರೆ ಎಂಬುದನ್ನು ಒಪ್ಪಿಕೊಳ್ಳೋಣ. ಆದರೆ ಹಗಲಿಡೀ ಗಿಡ್ಡ ಸರಪಣಿಯಲ್ಲಿ ಕಟ್ಟಿಹಾಕಿ, ಸಂಜೆ ಒಮ್ಮೆಲೇ ಬಿಚ್ಚಿಬಿಡುವ ಕ್ರಮವೇ ಅನೇಕ ನಾಯಿಗಳನ್ನು ಕೆಡಿಸುತ್ತದೆ. ದಾರಿಹೋಕರನ್ನೂ ಅವರ ನಾಯಿಗಳನ್ನೂ ದಿನವಿಡೀ ದೂರದಿಂದ ನೋಡಿ, ಎಳೆದಾಡಿ, ಬೊಗಳಿ ಬೊಗಳಿ ಕುದಿಯುತ್ತಿದ್ದ ಪ್ರಾಣಿ ಸರಪಣಿ ಕಳಚಿದ ಕೂಡಲೇ ಎಲ್ಲಿಗೆ ಓಡುತ್ತದೆಂದು ಹೇಳಬೇಕಿಲ್ಲ. ಸದಾ ಕಟ್ಟಿಹಾಕಿದ ನಾಯಿಗೆ ತಕ್ಕಷ್ಟು ಓಡಾಟ ಕೊಡದಿರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೆಯ ಕಲಮಿನಡಿ ಅಪರಾಧವೆಂಬುದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತಿದೆಯೋ! ಪ್ರವಾಸಿಗರೊಂದಿಗೆ ಹೋಂಸ್ಟೇಗಳಿಗೆ ಬಂದು, ಕಾರಿನ ಬಾಗಿಲು ತೆರೆದೊಡನೆ ಅಪರಿಚಿತ ಅಂಗಳಕ್ಕೆ ಜಿಗಿಯುವ ನಾಯಿಗಳ ಕಥೆ ಇನ್ನೊಂದು. ಅದನ್ನು ಬೇರೆ ಸಂಚಿಕೆಗೆ ಇಟ್ಟುಕೊಳ್ಳುತ್ತೇನೆ.

ಇದನ್ನೆಲ್ಲ ನಾನು ಮಡಿಕೇರಿಯ ಕಚೇರಿಯಲ್ಲಿ ಕುಳಿತು ಉಪದೇಶ ಮಾಡುತ್ತಿರುವಂತೆ ಕಂಡೀತು. ಕೆಲವು ವರ್ಷಗಳ ಹಿಂದೆ ನನ್ನದೇ ಲ್ಯಾಬ್ರಡಾರ್ ನೆರೆಮನೆಯವರ ಮರಿಯ ಕಿವಿ ಹರಿದಿತ್ತು. ಅಂದು ನಾನು ಹೇಳಿದ್ದೂ ಆ ತೋಟದ ಮಾಲೀಕರ ಅದೇ ವಾಕ್ಯ. ನೆರೆಯವರು ಜಗಳವಾಡಲಿಲ್ಲ, “ಅಣ್ಣ, ಅದು ಹಾರುವ ಮೊದಲು ಅಷ್ಟು ಹೊತ್ತು ಕಲ್ಲಿನಂತೆ ನಿಂತು ನೋಡುತ್ತಿತ್ತು, ನೀವು ಫೋನಿನಲ್ಲಿದ್ದಿರಿ” ಎಂದಷ್ಟೇ ಹೇಳಿದರು. ಬಾಲ ಅಲ್ಲಾಡಿಸುತ್ತಿದೆ, ಸ್ನೇಹದಿಂದಿದೆ ಎಂದುಕೊಂಡಿದ್ದೆ. ಬಾಲ ನೆಟ್ಟಗೆ ಮೇಲೆ ನಿಂತು ತುದಿ ಮಾತ್ರ ಅಲ್ಲಾಡುತ್ತಿದ್ದರೆ, ಬಾಯಿ ಮುಚ್ಚಿ ಮೈ ಬಿಗಿದು ಕಣ್ಣು ಮಿಟುಕಿಸದೆ ನೋಡುತ್ತಿದ್ದರೆ, ಅದು ಸ್ನೇಹದ ಲಕ್ಷಣವಲ್ಲ. ಆ ಕ್ಷಣದಲ್ಲಿಯೇ ಹಗ್ಗ ಹಿಡಿದವರು ನಾಯಿಯನ್ನು ತಿರುಗಿಸಿಕೊಂಡು ದೂರ ಹೋಗಬೇಕು. ಅಂದಿನಿಂದ ನನ್ನ ನಾಯಿ ರಸ್ತೆಗೆ ಇಳಿಯುವುದು ಐದಡಿಯ ಹಗ್ಗದಲ್ಲಿ, ಅದೂ ಅದರ ತೂಕ ತಡೆಯಬಲ್ಲವರ ಕೈಯಲ್ಲಿ ಮಾತ್ರ. ಕರೆದರೆ ಬರುವ ಅಭ್ಯಾಸವನ್ನು ಆರು ವರ್ಷದ ನಾಯಿಗೆ ಕಲಿಸಲು ಒಂದು ಇಡೀ ಮಳೆಗಾಲ ಹಿಡಿಯಿತು. ಆ ತೋಟದ ರೈಟರ್ ಕೂಗಿದಾಗ ಆ ನಾಯಿಗಳು ತಿರುಗಿ ನೋಡದಿದ್ದರೆ ತಪ್ಪು ರೈಟರದ್ದಲ್ಲ, ಕರೆದರೆ ಬರಬೇಕೆಂದು ಅವುಗಳಿಗೆ ಯಾರೂ ಕಲಿಸಿಯೇ ಇರಲಿಲ್ಲ.

ದೊಣ್ಣೆಯ ಬಗ್ಗೆ ಕೇಳಿದ್ದೀರಿ. ಕಚ್ಚಿ ಹಿಡಿದಿರುವ ನಾಯಿಗೆ ಹೊಡೆದರೆ ಅದು ಹಿಡಿತ ಬಿಗಿಗೊಳಿಸುವ ಸಂಭವವೇ ಹೆಚ್ಚು. ನಮ್ಮಲ್ಲಿ ವರ್ಷದ ಅರ್ಧ ಕಾಲ ಕೈಯಲ್ಲಿರುವ ಕೊಡೆ ಅದಕ್ಕಿಂತ ಮೇಲು. ನಾಯಿ ಹತ್ತಿರ ಬರುವ ಮೊದಲು ಅದನ್ನು ಫಟ್ಟನೆ ಬಿಚ್ಚಿ ನಡುವೆ ಹಿಡಿದರೆ ಹೆಚ್ಚಿನವು ಬೆಚ್ಚಿ ನಿಲ್ಲುತ್ತವೆ. ಹಿಡಿದೇ ಬಿಟ್ಟರೆ ಬಾಯಿಯ ಬಳಿ ಕೈ ಒಯ್ಯಬೇಡಿ, ನಿಮ್ಮ ನಾಯಿಯೂ ನೋವಿನಲ್ಲಿ ನಿಮ್ಮನ್ನೇ ಕಚ್ಚೀತು. ಬಕೆಟ್ಟಿನ ನೀರನ್ನು ಮುಖಕ್ಕೆ ಎರಚುವುದು, ಕಂಬಳಿ ಅಥವಾ ಗೋಣಿಚೀಲ ಮೇಲೆ ಹಾಕುವುದು ಮೊದಲ ಉಪಾಯ. ಗಟ್ಟಿಮುಟ್ಟಾದ ಇಬ್ಬರಿದ್ದರೆ ಒಬ್ಬೊಬ್ಬರು ಒಂದೊಂದು ನಾಯಿಯ ಹಿಂಗಾಲುಗಳನ್ನು ಹಿಡಿದೆತ್ತಿ, ಹಲ್ಲು ಸಡಿಲಿದ ಕೂಡಲೇ ಹಿಂದಕ್ಕೆ ಸರಿಯಬೇಕು. ಹಲ್ಲು ಹೂಡಿರುವಾಗ ಜಗ್ಗಿದರೆ ಚರ್ಮ ಕಿತ್ತು ಬರುತ್ತದೆ. ಒಬ್ಬರೇ ಇದ್ದಾಗ ಇದನ್ನು ಮಾಡಲು ಹೋಗಬೇಡಿ. ಪುಟ್ಟ ನಾಯಿಯನ್ನು ಎದೆಗೆತ್ತಿಕೊಳ್ಳುವುದು ಸಹಜವೇ, ಆದರೆ ಆಗ ಎದುರಿನ ನಾಯಿ ಹಾರುವುದು ನಿಮ್ಮ ಮೈಮೇಲೆಯೇ. ನಿಮ್ಮ ಕೈಗೆ ಗಾಯವಾದದ್ದೂ ಹಾಗೆಯೇ ಇರಬೇಕು.

ಪತ್ರದಲ್ಲಿ ನೀವು ಮಾಲೀಕರ ಮತ್ತು ತೋಟದ ಹೆಸರು ಬರೆದಿದ್ದಿರಿ. ಅವರ ಮಾತು ಕೇಳದೆ ಅದನ್ನು ಅಚ್ಚು ಹಾಕುವುದು ಸರಿಯಲ್ಲವೆಂದು ಕೈಬಿಟ್ಟಿದ್ದೇನೆ. ಅವರೂ ನಮ್ಮ ಪತ್ರಿಕೆಯ ಹಳೆಯ ಚಂದಾದಾರರು. ಈ ಪುಟವನ್ನು ಓದುವರೆಂದು ನಂಬಿದ್ದೇನೆ. ಅವರು ಬರೆದರೆ ಮುಂದಿನ ಸಂಚಿಕೆಯಲ್ಲಿ ಇದೇ ಪುಟದಲ್ಲಿ ಇಷ್ಟೇ ಜಾಗವಿದೆ. ನಿಮ್ಮ ನಾಯಿಯ ಗಾಯ ಒಣಗಿತೇ ಎಂಬುದನ್ನು ದಯವಿಟ್ಟು ಒಂದು ಕಾರ್ಡಿನಲ್ಲಿ ತಿಳಿಸಿ.

— ಸಂಪಾದಕ