ಪಿಕಪ್‌ಗೆ ಅಲೈನ್‌ಮೆಂಟ್ ಬೇಕಾ ಅಂತ ಮೊದಲು ಟೈರನ್ನು ಮುಟ್ಟಿ ನೋಡಿ

ಸೆಕೆಂಡ್ ಹ್ಯಾಂಡ್ ಪಿಕಪ್ ತಗೊಂಡು ಎರಡು ತಿಂಗಳಾಯ್ತು, ಹೈವೇಯಲ್ಲಿ ಎಡಕ್ಕೆ ಎಳೆಯುತ್ತೆ, 80 ದಾಟಿದ್ರೆ ಸ್ಟೇರಿಂಗ್ ನಡುಗುತ್ತೆ, ಅಲೈನ್‌ಮೆಂಟ್, ಅಂದ್ರೆ ಚಕ್ರಗಳ ಓರೆ ತೆಗೆದು ನೆಟ್ಟಗೆ ಮಾಡೋ ಕೆಲಸ, ಮಾಡಿಸಬೇಕಾ ಅಂತ ಕೇಳಿದ್ದೀರಿ. ನಡುಕದ ವಿಷಯ ಮೊದಲು ಹೇಳಿಬಿಡ್ತೀನಿ. ಒಂದು ಸ್ಪೀಡಿನಲ್ಲಿ ಶುರುವಾಗಿ, ಅದನ್ನು ದಾಟಿದ ಮೇಲೆ ಕಡಿಮೆಯಾಗೋ ನಡುಕ ಹೆಚ್ಚಾಗಿ ವೀಲ್ ಬ್ಯಾಲೆನ್ಸಿಂಗಿನದು (ಚಕ್ರದ ಸುತ್ತ ತೂಕ ಸಮ ಇಲ್ಲದ್ದು), ಇಲ್ಲಾ ರಿಮ್ ಬೆಂಡಾಗಿರೋದು. ಅದಕ್ಕೆ ಅಲೈನ್‌ಮೆಂಟ್ ಮಾಡಿಸಿದ್ರೆ ನಡುಕ ಹಾಗೇ ಇರುತ್ತೆ, ದುಡ್ಡು ಮಾತ್ರ ಹೋಗುತ್ತೆ. ಎಳೆತದ್ದು ಬೇರೆ ಕಥೆ.

ನಾನು ಶ್ರೀನಿವಾಸಪುರದ ಕಡೆಯವನು. ಹನ್ನೊಂದು ವರ್ಷದಿಂದ ಪಿಕಪ್ ಓಡಿಸ್ತಿದ್ದೀನಿ. ನಮ್ಮದು, ಅಕ್ಕಪಕ್ಕದವರದು ಟೊಮೆಟೊ ಕೋಲಾರದ ಎಪಿಎಂಸಿಗೆ, ಮಾವಿನ ಕಾಲದಲ್ಲಿ ಹಣ್ಣು ಬೆಂಗಳೂರಿಗೆ. ಟೊಮೆಟೊ ಕ್ರೇಟ್ ಒಂದಕ್ಕೆ 15 ಕೆಜಿ, ನೂರು ಕ್ರೇಟ್ ಹಾಕಿದ್ರೆ ಒಂದೂವರೆ ಟನ್. ಅಷ್ಟು ಭಾರ ಹೊತ್ತು ತೋಟದ ದಾರಿಯ ಗುಂಡಿಗಳಲ್ಲಿ ಇಳಿದು ಹತ್ತೋ ಗಾಡಿಯ ಮುಂಚಕ್ರ ಸದಾ ನೆಟ್ಟಗೇ ಇರುತ್ತೆ ಅಂತ ನಂಬಿಕೊಂಡು ಕೂರೋ ಹಾಗಿಲ್ಲ.

ಎಡಕ್ಕೆ ಎಳೆಯುತ್ತೆ ಅಂದ್ರಲ್ಲ, ನಮ್ಮ ರಸ್ತೆಗಳಲ್ಲಿ ಮಳೆ ನೀರು ಹರಿದು ಹೋಗಲಿ ಅಂತ ಎಡಗಡೆಗೆ ಸ್ವಲ್ಪ ಇಳಿಜಾರು ಕೊಟ್ಟಿರ್ತಾರೆ. ಎಡಬದಿಯಲ್ಲಿ ಓಡೋ ಗಾಡಿ ಆ ಕಡೆಗೆ ಒಂಚೂರು ಜಾರೋದು ಸಹಜ. ಹಾಗಾಗಿ ಸಮತಟ್ಟಾದ, ಖಾಲಿಯಾದ ಜಾಗ ನೋಡಿ. ಸಂತೆ ಇಲ್ಲದ ದಿನದ ಸಂತೆ ಮೈದಾನ ಆದ್ರೂ ಆಯ್ತು. ಅದಕ್ಕೂ ಮುಂಚೆ, ಗಾಡಿ ತಣ್ಣಗಿರುವಾಗಲೇ, ಬಾಗಿಲ ಹತ್ತಿರದ ಸ್ಟಿಕ್ಕರ್‌ನಲ್ಲಿ ಬರೆದಷ್ಟು ಗಾಳಿ ಹಾಕಿಸಿ. ಒಂದು ಕಡೆ ಗಾಳಿ ಕಡಿಮೆ ಇದ್ರೆ ಗಾಡಿ ಆ ಕಡೆಗೇ ಎಳೆಯುತ್ತೆ. ಆಮೇಲೆ ಲೋಡ್ ಇಲ್ಲದೆ ಓಡಿಸಿ, ಯಾಕಂದ್ರೆ ಹಿಂದೆ ಭಾರ ಜಾಸ್ತಿಯಾದಾಗ ಮುಂಭಾಗ ಹಗುರಾಗಿ ಸ್ಟೇರಿಂಗ್ ತೇಲಿದ ಹಾಗೆ ಅನ್ನಿಸುತ್ತೆ, ಅದರಿಂದ ಏನೂ ತೀರ್ಮಾನಿಸೋಕೆ ಆಗಲ್ಲ. ಅಲ್ಲೂ ಎಳೆದ್ರೆ ಮುಂದಿನ ಎರಡು ಟೈರನ್ನು ಅದಲು ಬದಲು ಮಾಡಿಸಿ. ಎಳೆತ ಬಲಕ್ಕೆ ತಿರುಗಿದ್ರೆ ತೊಂದರೆ ಟೈರಿನದೇ. ಮಾಡಿದ ಮೇಲೂ ಎಡಕ್ಕೇ ಎಳೆಯುತ್ತಿದ್ರೆ, ಸ್ವಲ್ಪ ದೂರ ಓಡಿಸಿ ನಿಲ್ಲಿಸಿ ಎರಡೂ ಮುಂಚಕ್ರದ ಹತ್ತಿರ ಅಂಗೈ ಹಿಡಿದು ನೋಡಿ. ಮುಟ್ಟಬೇಡಿ, ಸುಡುತ್ತೆ. ಒಂದರ ಕಾವು ಎದ್ದು ಕಾಣೋ ಹಾಗಿದ್ರೆ ಆ ಚಕ್ರದ ಬ್ರೇಕ್ ಬಿಡ್ತಾ ಇಲ್ಲ ಅಂತ. ಇಷ್ಟೂ ಸರಿ ಇದ್ದು ಎಳೆಯುತ್ತಿದೆ, ಅಥವಾ ನೇರ ಹೋಗುವಾಗ ಸ್ಟೇರಿಂಗ್ ಮೇಲಿನ ಲೋಗೋ ಓರೆಯಾಗಿ ನಿಲ್ಲುತ್ತೆ ಅಂದ್ರೆ ಅಲೈನ್‌ಮೆಂಟಿನ ಮೇಲೆ ಅನುಮಾನ ಪಡಿ.

ಆದ್ರೆ ಎಳೆತಕ್ಕಿಂತ ನಾನು ನಂಬೋದು ಟೈರನ್ನು. ನಾಲ್ಕು ವರ್ಷದ ಹಿಂದೆ ಮುಂದಕ್ಕೆ ಎರಡು ಹೊಸ ಟೈರ್ ಹಾಕಿಸಿದೆ. ಗಾಡಿ ಎಳೀತಿರಲಿಲ್ಲ, ನಡುಗ್ತಿರಲಿಲ್ಲ. ಅಂಗಡಿಯವರು ಅಲೈನ್‌ಮೆಂಟ್ ಕೂಡ ಮಾಡಿಕೊಟ್ಟಿದ್ರು. ಎಂಟು ಸಾವಿರ ಕಿಲೋಮೀಟರ್ ಆಗಿತ್ತು ಅಷ್ಟೆ. ಒಂದು ಬೆಳಗ್ಗೆ ಮಂಡಿಯಲ್ಲಿ ರಿವರ್ಸ್ ತಗೊಳ್ಳೋಕೆ ಸ್ಟೇರಿಂಗ್ ಪೂರ್ತಿ ತಿರುಗಿಸಿ ಇಳಿದಾಗ, ಹಮಾಲಿಯೊಬ್ಬ "ಅಣ್ಣಾ, ಟೈರ್ ನೋಡು" ಅಂದ. ಎಡ ಟೈರಿನ ಒಳಅಂಚು ನುಣ್ಣಗೆ ಬೋಳಾಗಿ, ಒಂದು ಕಡೆ ತಂತಿ ಕಾಣ್ತಾ ಇತ್ತು. ಹೊರಗಡೆಯಿಂದ ನೋಡಿದ್ರೆ ಇನ್ನೂ ಹೊಸ ಟೈರೇ. ಅವತ್ತೇ ಸಂಜೆ ಅದೇ ಟೈರಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಮದುವೆಗೆ ಹೋಗೋದಿತ್ತು. ಅದನ್ನು ನೆನೆದ್ರೆ ಈಗಲೂ ಹೊಟ್ಟೆಯಲ್ಲಿ ಸಂಕಟ ಆಗುತ್ತೆ.

ಅದಕ್ಕೇ ಹೇಳ್ತಿದ್ದೀನಿ, ಸ್ಟೇರಿಂಗ್ ಒಂದು ಕಡೆಗೆ ಪೂರ್ತಿ ತಿರುಗಿಸಿ ಒಳಅಂಚು ನೋಡಿ, ಆಮೇಲೆ ಇನ್ನೊಂದು ಕಡೆಗೆ. ಗಾಡಿ ಆಫ್ ಮಾಡಿ, ಹ್ಯಾಂಡ್‌ಬ್ರೇಕ್ ಹಾಕಿ, ಅಂಗೈಯನ್ನು ಟೈರಿನ ಮೇಲೆ ಅಡ್ಡಡ್ಡಲಾಗಿ ನಿಧಾನಕ್ಕೆ ಸವರಿ, ತಂತಿ ಚುಚ್ಚೀತು, ಹುಷಾರು. ಹೊರಗಿಂದ ಒಳಕ್ಕೊಮ್ಮೆ, ಒಳಗಿಂದ ಹೊರಕ್ಕೊಮ್ಮೆ. ಕಬ್ಬಿನ ಗರಿಯನ್ನು ಬುಡದಿಂದ ತುದಿಗೆ ಸವರಿದ್ರೆ ನುಣ್ಣಗಿರುತ್ತೆ, ತಿರುಗಿಸಿ ಸವರಿದ್ರೆ ಕೈ ಕುಯ್ಯುತ್ತೆ ಅಲ್ವಾ? ಟೈರೂ ಹಾಗೆ ಒಂದು ಕಡೆಗೆ ನುಣುಪು, ಇನ್ನೊಂದು ಕಡೆಗೆ ಚೂಪು ಅನ್ನಿಸಿದ್ರೆ ಟೋ ತಪ್ಪಿದೆ. ಟೋ ಅಂದ್ರೆ ಮೇಲಿಂದ ನೋಡಿದಾಗ ಎರಡು ಮುಂಚಕ್ರಗಳ ಮೂತಿ ಒಳಕ್ಕೋ ಹೊರಕ್ಕೋ ಎಷ್ಟು ತಿರುಗಿದೆ ಅನ್ನೋ ಲೆಕ್ಕ. ಕಣ್ಣಿಗೆ ಕಾಣದ ಈ ಸವೆತ ಕೈಗೆ ಮೊದಲು ಸಿಗುತ್ತೆ.

ಟೋ ಸ್ವಲ್ಪ ತಪ್ಪಿದ್ರೆ ಏನಾಗುತ್ತೆ ಅಂತ ಕೇಳೋರಿಗೆ ಈ ಲೆಕ್ಕ ಹೇಳ್ತೀನಿ. ಚಕ್ರ ತಾನು ಹೋಗಬೇಕಾದ ದಾರಿಗೆ ಒಂದೇ ಒಂದು ಡಿಗ್ರಿ ಓರೆಯಾಗಿದ್ರೆ, ಪ್ರತಿ ಕಿಲೋಮೀಟರಿಗೆ ಸುಮಾರು 17 ಮೀಟರ್ ಅಡ್ಡಕ್ಕೆ ಉಜ್ಜಿಕೊಂಡು ಹೋದ ಹಾಗೆ. ಕೋಲಾರದಿಂದ ಬೆಂಗಳೂರಿಗೆ ಹತ್ತಿರ ಹತ್ತಿರ 70 ಕಿಲೋಮೀಟರ್ ಓಡೋ ಹೊತ್ತಿಗೆ ಆ ಟೈರನ್ನು ಒಂದು ಕಿಲೋಮೀಟರಿಗೂ ಜಾಸ್ತಿ ಡಾಂಬರಿನ ಮೇಲೆ ಪಕ್ಕಕ್ಕೆ ಎಳೆದಂತಾಯ್ತು. ಬೇರೆ ಸವೆತ ಗುರುತಿಸೋದು ಸುಲಭ. ನಡುಭಾಗ ಮಾತ್ರ ಸವೆದ್ರೆ ಗಾಳಿ ಜಾಸ್ತಿ, ಎರಡೂ ಅಂಚು ಸವೆದ್ರೆ ಗಾಳಿ ಕಡಿಮೆ, ಒಂದೇ ಅಂಚು ನುಣ್ಣಗೆ ಸವೆದ್ರೆ ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ವಾಲಿರೋದು) ಅಥವಾ ಟೋ. ಸವೆತ ಟೈರಿನ ಗೀರುಗಳ ಒಳಗಿರೋ 1.6 ಮಿಲಿಮೀಟರ್ ಎತ್ತರದ ಗುರುತಿಗೆ ಬಂದಿದ್ರೆ ಅಲೈನ್‌ಮೆಂಟಿನ ಮಾತು ಆಮೇಲೆ, ಮೊದಲು ಟೈರ್ ಬದಲಾಯಿಸಿ.

ನನ್ನ ಗಾಡಿಯಲ್ಲಿ ಕೊನೆಗೆ ಸಿಕ್ಕಿದ್ದು ಟೈ ರಾಡ್ ಎಂಡ್, ಸ್ಟೇರಿಂಗ್ ತಿರುಗಿಸಿದ್ದನ್ನು ಚಕ್ರಕ್ಕೆ ತಲುಪಿಸೋ ರಾಡಿನ ತುದಿಯ ಕೀಲು. ಅದು ಸಡಿಲವಾಗಿತ್ತು. ಮೆಷಿನ್ ಮೇಲೆ ನಿಂತಾಗ ಅಳತೆ ಸರಿ ಬರ್ತಿತ್ತು, ರಸ್ತೆಗಿಳಿದ ತಕ್ಷಣ ಚಕ್ರ ತನಗೆ ಬೇಕಾದ ಕಡೆ ತಿರುಗ್ತಿತ್ತು. ಅದನ್ನು ಹಿಡಿದು ಅಲ್ಲಾಡಿಸಿ ನೋಡಿದವರೇ ಇರಲಿಲ್ಲ. ಹಳೇ ಗಾಡಿ ತಗೊಂಡಿರೋದರಿಂದ ನೀವು ಇದನ್ನು ಮಾಡಿಸಲೇಬೇಕು. ಮುಂದೆ ಜಾಕ್ ಕೊಟ್ಟು, ಕೆಳಗೆ ಗಟ್ಟಿ ಸ್ಟ್ಯಾಂಡ್ ಇಟ್ಟು, ಟೈರನ್ನು ಎಡಬಲದಲ್ಲಿ ಹಿಡಿದು ಅಲ್ಲಾಡಿಸಿ. ಟಕ್ ಟಕ್ ಅಂದ್ರೆ ಹೆಚ್ಚಾಗಿ ಟೈ ರಾಡ್ ಎಂಡು. ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದಾಗ ಪ್ಲೇ, ಅಂದ್ರೆ ಸಡಿಲ, ಇದ್ರೆ ಚಕ್ರದ ಬೇರಿಂಗ್ ಅಥವಾ ಬಾಲ್ ಜಾಯಿಂಟು (ಚಕ್ರವನ್ನು ಸಸ್ಪೆನ್ಷನ್ನಿಗೆ ಸೇರಿಸೋ ಗುಂಡು ಕೀಲು). ಪ್ಲೇ ಇರೋ ಗಾಡಿಗೆ ಅಲೈನ್‌ಮೆಂಟ್ ಮಾಡಿಸೋದು ತೂತು ಬಿಂದಿಗೆಗೆ ನೀರು ತುಂಬಿದ ಹಾಗೆ.

ಪಿಕಪ್‌ನಲ್ಲಿ ಹಿಂಭಾಗವನ್ನೂ ಮರೀಬೇಡಿ. ಅಲ್ಲಿ ಲೀಫ್ ಸ್ಪ್ರಿಂಗ್ (ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪ್ಲೇಟುಗಳು) ಮೇಲೆ ಕೂತ ಆಕ್ಸಲ್‌ಗೆ ಅಡ್ಜಸ್ಟ್ ಮಾಡೋದು ಏನೂ ಇರಲ್ಲ ಅಂತ ಯಾರೂ ನೋಡೋದೇ ಇಲ್ಲ. ಆದ್ರೆ ಓವರ್‌ಲೋಡಿಗೆ ಆಕ್ಸಲ್ಲನ್ನು ಸ್ಪ್ರಿಂಗಿಗೆ ಬಿಗಿದಿರೋ ಯು ಬೋಲ್ಟ್ ಸಡಿಲಾಗಿ, ಪ್ಲೇಟುಗಳ ನಡುವಿನ ಸೆಂಟರ್ ಬೋಲ್ಟ್ ಮುರಿದ್ರೆ ಆಕ್ಸಲ್ಲೇ ಒಂದು ಕಡೆ ಜರುಗುತ್ತೆ. ಗಾಡಿ ಏಡಿ ಹಾಗೆ ಓರೆಯಾಗಿ ಹೋಗುತ್ತೆ, ನೀವು ಸ್ಟೇರಿಂಗ್ ಓರೆ ಹಿಡಿದು ನೇರ ಓಡಿಸ್ತಿರ್ತೀರಿ. ಹಸಿ ಮಣ್ಣಿನ ಮೇಲೆ ನೇರವಾಗಿ ಹತ್ತಿಪ್ಪತ್ತು ಮೀಟರ್ ಓಡಿಸಿ, ಇಳಿದು ಅಚ್ಚು ನೋಡಿ. ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ ಇರೋ ಅಂತರ ಎಡಕ್ಕೆಷ್ಟೋ ಬಲಕ್ಕೂ ಅಷ್ಟೇ ಇರಬೇಕು. ಒಂದು ಕಡೆ ಜಾಸ್ತಿ ಕಂಡ್ರೆ ಲೀಫ್ ಸ್ಪ್ರಿಂಗ್ ಕೆಲಸ ಮಾಡೋ ಮೇಸ್ತ್ರಿ ಹತ್ತಿರ ಹೋಗಿ, ಮುಂಚಕ್ರ ತಿರುವಿ ಅದನ್ನು ಸರಿಮಾಡೋಕೆ ಆಗಲ್ಲ.

ಅಲೈನ್‌ಮೆಂಟಿಗೆ ಹೋದಾಗ ಗಾಳಿ ನೋಡಿಸಿ, ಗಾಡಿ ಖಾಲಿ ಇರಲಿ. ಮಾಡೋಕೆ ಮುಂಚಿನ ಅಳತೆ, ಮಾಡಿದ ನಂತರದ ಅಳತೆ ಎರಡೂ ಇರೋ ಪ್ರಿಂಟ್ ಕೇಳಿ. ಕೆಲವರು ಕೊಡೋಕೆ ಹಿಂದೆ ಮುಂದೆ ನೋಡ್ತಾರೆ, ಬಿಡಬೇಡಿ. ಮುಂದೆಯೂ ಲೀಫ್ ಸ್ಪ್ರಿಂಗ್ ಇರೋ ಗಾಡಿಯಲ್ಲಿ ಸಾಮಾನ್ಯವಾಗಿ ಟೋ ಮಾತ್ರ ಸರಿಮಾಡೋಕೆ ಬರುತ್ತೆ, ಕ್ಯಾಂಬರ್ ಕೂಡ ತಿರುವಿದ್ವಿ ಅಂದ್ರೆ ಹೇಗೆ ಅಂತ ಕೇಳಿ.

ಎಷ್ಟು ಕಿಲೋಮೀಟರಿಗೊಮ್ಮೆ ಅಂತಲೂ ಕೇಳಿದ್ದೀರಿ. ಮ್ಯಾನ್ಯುಯಲ್‌ನಲ್ಲಿ ಇರೋದನ್ನು ಪಾಲಿಸಿ. ಅದಲ್ಲದೆ ಟೈ ರಾಡ್, ಬಾಲ್ ಜಾಯಿಂಟ್, ಸ್ಟೇರಿಂಗ್ ಬಾಕ್ಸ್ ಯಾವುದನ್ನು ಬಿಚ್ಚಿದ್ರೂ, ದೊಡ್ಡ ಗುಂಡಿಗೆ ಜೋರಾಗಿ ಬಿದ್ರೂ ನಾನು ತೋರಿಸಿಕೊಂಡು ಬರ್ತೀನಿ. ಉಳಿದ ಹಾಗೆ ಪ್ರತಿ ಭಾನುವಾರ ಗಾಡಿ ತೊಳೆಯುವಾಗ ನಾಲ್ಕೂ ಟೈರಿನ ಮೇಲೆ ಒಮ್ಮೆ ಕೈ ಆಡಿಸ್ತೀನಿ. ನಿಮ್ಮ ಗಾಡಿಯದು ಕೈಗೆ ಹೇಗೆ ಸಿಕ್ಕಿತು, ಯಾವ ಅಂಚು ಸವೆದಿದೆ ಅಂತ ನೋಡಿ ಬರೀರಿ, ಮುಂದಿನದು ಹೇಳ್ತೀನಿ.